ಸ್ಪೇನಿನ ಆಂಗ್ಲಿರುಗೆ ಪುಣೆಯಲ್ಲೇ ತಯಾರಿ ಆಗುತ್ತಾ?

ಕೋಥ್ರೂಡ್ ಕನ್ನಡಿಗ: ಮುಂದಿನ ಜೂನ್‌ಗೆ ಸ್ಪೇನಿನ ಅಸ್ಟೂರಿಯಾಸ್‌ಗೆ ಹೋಗ್ತಿದೀನಿ, ರೋಡ್ ಸೈಕಲ್ಲಲ್ಲಿ ಅಲ್ಲಿನ ಆಂಗ್ಲಿರು ಬೆಟ್ಟದ ರಸ್ತೆ ಹತ್ತಲೇಬೇಕು ಅಂತ ತುಂಬಾ ಆಸೆ, ವಾರವಾರ ಇಲ್ಲೇ ಪುಣೆ ಹತ್ತಿರದ ಸಿಂಹಗಡ ಹತ್ತಿದ್ರೆ ಸಾಕಾ?

ಘಾಟ್ ರೈಡರ್: ಸಿಂಹಗಡ ಒಳ್ಳೇದೇ ಸರ್, ಆದ್ರೆ ಆಂಗ್ಲಿರು ಸುಮಾರು 12.5 ಕಿಮೀ, ಸರಾಸರಿ ಏರೇ ಹತ್ತಿರ ಹತ್ತಿರ 10%, ಮೇಲೆ ಕ್ವೆನ್ಯಾ ಲೆಸ್ ಕಾಬ್ರೆಸ್ ಅನ್ನೋ ಕಡೆ 23% ಮುಟ್ಟುತ್ತೆ, 1999ರಲ್ಲಿ ವುವೆಲ್ಟಾ ಅನ್ನೋ ಸ್ಪೇನಿನ ದೊಡ್ಡ ಸೈಕಲ್ ರೇಸ್ ಅಲ್ಲಿ ಹತ್ತಿದ ಮೇಲೇನೇ ಅದು ಇಷ್ಟು ಫೇಮಸ್ ಆಗಿದ್ದು. ಮುಂದೆ 34, ಹಿಂದೆನೂ 34 ಹಲ್ಲಿನ ಗೇರ್ ಹಾಕಿಸ್ಕೊಳ್ಳಿ, ಇಲ್ಲಾಂದ್ರೆ ಮಂಡಿ ಹೋಗುತ್ತೆ.

ಔಂಧ್ ಅಕ್ಕ: ಏರೋದಷ್ಟೇ ಯೋಚಿಸ್ಬೇಡಿ ತಮ್ಮಾ, ಅಲ್ಲಿ ಮಳೆ ಮಂಜು ಜಾಸ್ತಿ, ದನಗಳು ರಸ್ತೆ ಮೇಲೇ ನಿಂತಿರ್ತವೆ, ಇಳಿಯುವಾಗ ಬ್ರೇಕ್ ಚೆನ್ನಾಗಿರ್ಲಿ. ಬಲಗಡೆ ಓಡಿಸೋದು, ನೆನಪಿರ್ಲಿ!

ಕೋಥ್ರೂಡ್ ಕನ್ನಡಿಗ: ಥ್ಯಾಂಕ್ಸ್ ಅಕ್ಕಾ, ಈ ಭಾನುವಾರವೇ ಕ್ಯಾಸೆಟ್ (ಹಿಂದಿನ ಗೇರ್ ಹಲ್ಲುಗಳ ಸೆಟ್) ಬದಲಾಯಿಸ್ತೀನಿ.