ಅಪ್ಪ ತೀರಿಕೊಂಡ ಮೇಲೆ ಅವರ ಲೈಸೆನ್ಸ್ ಕೋವಿ ಏನು ಮಾಡಬೇಕು? ಬೇರೆ ಊರಿಗೆ ಒಯ್ಯಬಹುದೇ?

ತೋಟದಮನೆ:

ತೀರ್ಥಹಳ್ಳಿ ತಾಲೂಕಿನ ಹಳ್ಳಿ. ಅಪ್ಪನ ಹೆಸರಿನಲ್ಲಿ ಬೆಳೆ ರಕ್ಷಣೆ ಲೈಸೆನ್ಸ್, ಒಂದು 12 ಬೋರ್ ಜೋಡಿ ನಳಿಗೆಯ ತೋಟೆ (ಕಾರ್ಟ್ರಿಜ್) ಕೋವಿ. ಅಪ್ಪ ಹೋಗಿ ಐದು ವಾರ ಆಯ್ತು. ಮನೆಯಲ್ಲಿ ಅಮ್ಮ, ತಮ್ಮ ಇದ್ದಾರೆ. ನಾನು ಬೆಂಗಳೂರು, ಅಕ್ಕ ಪುಣೆ. ಲೈಸೆನ್ಸ್ ಪುಸ್ತಕದಲ್ಲಿ ಇನ್ನೂ ಎರಡು ವರ್ಷ ಅವಧಿ ಇದೆ.

1. ಅವಧಿ ಮುಗಿಯುವವರೆಗೆ ಕೋವಿ ಮನೆಯಲ್ಲೇ ಇರಬಹುದೇ?
2. ನನ್ನ ಹೆಸರಿಗೆ ಮಾಡಿಸಿ ಬೆಂಗಳೂರಿಗೆ ತರುವುದು ಸುಲಭವೋ, ತಮ್ಮನ ಹೆಸರಿಗೋ?
3. ಅಟ್ಟದ ಮೇಲೆ ಅಜ್ಜನ ಕಾಲದ ಒಂದು ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವಂಥದ್ದು) ಸಿಕ್ಕಿದೆ. ತುಕ್ಕು ಹಿಡಿದಿದೆ, ಕಾಗದಪತ್ರ ಯಾವುದೂ ಇಲ್ಲ. ಅದನ್ನು ಗೋಡೆಗೆ ತೂಗುಹಾಕಿದರೆ ತೊಂದರೆಯೇ?

ಕಲಂ_ಇಪ್ಪತ್ತೊಂದು:

ಮೊದಲ ಪ್ರಶ್ನೆಗೆ ಉತ್ತರ: ಇರಬಾರದು. ಲೈಸೆನ್ಸ್ ಕೊಡುವುದು ವ್ಯಕ್ತಿಗೆ. ಅವರು ತೀರಿಕೊಂಡ ದಿನಕ್ಕೇ ಅದು ಮುಗಿಯಿತು, ಪುಸ್ತಕದಲ್ಲಿ ಯಾವ ತಾರೀಕು ಇದ್ದರೂ ಅಷ್ಟೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಕೋವಿ, ತೋಟೆ ಎರಡನ್ನೂ ಅನಗತ್ಯ ವಿಳಂಬ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ, ಇಲ್ಲವೇ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಡಿಪಾಸಿಟ್ ಮಾಡಬೇಕು. ಆ ಕಲಂನಲ್ಲಿ ಇಷ್ಟು ದಿನ ಅಂತ ಬರೆದಿಲ್ಲ. ಐದು ವಾರವನ್ನು ಅಪರಕರ್ಮ, ಮರಣ ಪ್ರಮಾಣಪತ್ರದ ಓಡಾಟ ಅಂತ ವಿವರಿಸಬಹುದು. ಐದು ತಿಂಗಳಾದರೆ ಏನು ಹೇಳುತ್ತೀರಿ? ಡಿಪಾಸಿಟ್ ಮಾಡದಿರುವುದೇ 25ನೇ ಕಲಂ ಅಡಿ ಅಪರಾಧ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಶಿಕ್ಷೆ. ಹಾಗಾಗಿ ಈ ವಾರವೇ ಹೋಗಿ.

ಕೋವಿ ಹೆಗಲಿಗೇರಿಸಿಕೊಂಡು ನೇರ ಠಾಣೆಗೆ ಹೊರಡಬೇಡಿ. ಮೊದಲು ಒಂದು ಅರ್ಜಿ, ಎರಡು ಪ್ರತಿ. ಅದರಲ್ಲಿ ತೀರಿಕೊಂಡ ದಿನಾಂಕ, ಲೈಸೆನ್ಸ್ ನಂಬರು, ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ), ಕೋವಿಯ ನಂಬರು, ತೋಟೆ ಎಷ್ಟು, ಎಲ್ಲವೂ ಇರಲಿ. ಒಂದು ಪ್ರತಿಗೆ ಠಾಣೆಯ ಸೀಲು, ಸಹಿ ಹಾಕಿಸಿಕೊಳ್ಳಿ. ಸಿಬ್ಬಂದಿ ಮನೆಗೆ ಬಂದು ಒಯ್ಯುತ್ತಾರೋ, ನೀವೇ ತರಬೇಕೋ ಅಂತ ಅಲ್ಲೇ ಕೇಳಿ. ತರಲು ಹೇಳಿದರೆ ಸೀಲು ಬಿದ್ದ ಆ ಪ್ರತಿ ಜೇಬಿನಲ್ಲಿರಲಿ. ರಸೀದಿ ತೆಗೆದುಕೊಳ್ಳುವಾಗ ಕೋವಿ ನಂಬರನ್ನು ಒಂದೊಂದೇ ಅಂಕಿ ಓದಿ ನೋಡಿ. ರಸೀದಿಯಲ್ಲಿ ಬರೀ 'ಒಂದು ಬಂದೂಕು' ಅಂತಿದ್ದರೆ ವರ್ಷದ ನಂತರ ಬಿಡಿಸಿಕೊಳ್ಳುವಾಗ ಯಾರ ಬಂದೂಕು ಅನ್ನುವ ಪ್ರಶ್ನೆ ಏಳುತ್ತದೆ.

ಠಾಣೆಯಲ್ಲಿ ಬಾಡಿಗೆ ಇಲ್ಲ, ನಿಜ. ಆದರೆ ಮಲೆನಾಡಿನ ಒಂದು ಮಳೆಗಾಲವನ್ನು ಕೋವಿ ಯಾರೂ ಎಣ್ಣೆ ಸೋಕಿಸದ ಕೋಣೆಯಲ್ಲಿ ಕಳೆದರೆ ನಳಿಗೆಯೊಳಗೆ ಗುಳಿ ಬೀಳುತ್ತದೆ, ಹಿಡಿಯ ಮರಕ್ಕೆ ಬೂಸ್ಟು. ಪೇಟೆಯಲ್ಲಿ ಡೀಲರ್ ಇದ್ದರೆ ಬಾಡಿಗೆ ಕೊಟ್ಟು ಅಲ್ಲಿಡುವುದೇ ವಾಸಿ. ಆಗಲೂ ಠಾಣೆಗೆ ಲಿಖಿತವಾಗಿ ತಿಳಿಸಿರಬೇಕು.

ಎರಡನೆಯದು. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡುವ ಅವಕಾಶ ಇದೆ. ಅರ್ಜಿಯ ಮೊದಲ ಸಾಲಿನಲ್ಲೇ ಆ ನಿಯಮದ ಹೆಸರು ಹೇಳಿ. ಹೇಳದಿದ್ದರೆ ಹೊಸ ಲೈಸೆನ್ಸ್ ಅರ್ಜಿ ಅಂದುಕೊಂಡು 'ಜೀವಕ್ಕೆ ಏನು ಬೆದರಿಕೆ ಇದೆ' ಅಂತ ಕೇಳುತ್ತಾರೆ. ಬೇಕಾಗುವುದು: ನಮೂನೆ ಎ-1ರಲ್ಲಿ ಅರ್ಜಿ, ಮೂಲ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ಎಲ್ಲ ವಾರಸುದಾರರ ಒಪ್ಪಿಗೆ ಅಫಿಡವಿಟ್, ಡಿಪಾಸಿಟ್ ರಸೀದಿ, ನಮೂನೆ ಎಸ್-3ರಲ್ಲಿ ವೈದ್ಯರ ಪ್ರಮಾಣಪತ್ರ, ಕೋವಿ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ, ಪಹಣಿ. ಅರ್ಜಿದಾರರಿಗೆ 21 ತುಂಬಿರಬೇಕು. ಅಕ್ಕ ಪುಣೆಯಲ್ಲಿದ್ದಾರೆ ಅಂದಿರಿ. ಹೆಚ್ಚಿನ ಅರ್ಜಿಗಳು ನಿಲ್ಲುವುದು ಅಂಥ ಒಂದು ಸಹಿಗೇ. ಅಲ್ಲೇ ನೋಟರಿ ಮಾಡಿಸಿ ಕಳಿಸಲು ಈಗಲೇ ಹೇಳಿ.

ನನ್ನ ಕೇಳಿದರೆ ತಮ್ಮನ ಹೆಸರಿಗೇ ಮಾಡಿಸಿ. ಅರ್ಜಿ ಹೋಗುವುದು ಅರ್ಜಿದಾರ ವಾಸ ಇರುವ ಕಡೆಯ ಅಧಿಕಾರಿಗೆ: ತಮ್ಮನಾದರೆ ಡಿಸಿಗೆ, ನೀವಾದರೆ ಬೆಂಗಳೂರಿನ ಪೊಲೀಸ್ ಕಮಿಷನರ್‌ಗೆ. ಬೆಳೆ ರಕ್ಷಣೆಯ ಕೋವಿಯನ್ನು ಅಪಾರ್ಟ್‌ಮೆಂಟಿಗೆ ತಂದು ಯಾವ ಬೆಳೆ ಕಾಯುತ್ತೀರಿ ಅಂತ ಕೇಳಿದರೆ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಅಪ್ಪ-ಅಮ್ಮ ಇನ್ನೂ ಇರುವವರು ಇದನ್ನು ಓದುತ್ತಿದ್ದರೆ: ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ತಾವು ಹೆಸರಿಸಿದ ವಾರಸುದಾರನಿಗೆ ಲೈಸೆನ್ಸ್ ಕೊಡಿಸಬಹುದು. ಅದೇ 25ನೇ ನಿಯಮ. ವಂಶವೃಕ್ಷ, ಡಿಪಾಸಿಟ್ ಯಾವ ರಗಳೆಯೂ ಇಲ್ಲದ ದಾರಿ ಅದು. ಇನ್ನೊಂದು, ತಮ್ಮನ ಹೆಸರಿನಲ್ಲಿ ಈಗಾಗಲೇ ಕೋವಿ ಇದ್ದರೆ ಲೆಕ್ಕ ಹಾಕಿ. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಇಲ್ಲ, ವಾರಸಿನಿಂದ ಬಂದಿದ್ದಕ್ಕೂ ಇದೇ ಮಿತಿ.

ಒಂಟಿನಳಿಗೆ:

ಕಾಗದದ ವಿಷಯ ಮೇಲಿನವರು ಹೇಳಿದ್ದಾರೆ, ನಾನು ಕೋವಿಯ ವಿಷಯ ಹೇಳುತ್ತೇನೆ.

ಡಿಪಾಸಿಟ್‌ಗೆ ಮುಂಚೆ ಅದು ಖಾಲಿ ಇದೆಯೇ ಅಂತ ನೋಡಲೇಬೇಕು. ಹಂದಿ ಕಾಟ ಇರುವ ಮನೆಗಳಲ್ಲಿ ತೋಟೆ ತುಂಬಿಸಿಯೇ ಮೂಲೆಗೆ ಒರಗಿಸಿಡುವ ಕೆಟ್ಟ ಅಭ್ಯಾಸ ಇದೆ. ಗೊತ್ತಿಲ್ಲದವರು ಮುಟ್ಟಬೇಡಿ, ತಿಳಿದ ಇನ್ನೊಬ್ಬ ಲೈಸೆನ್ಸ್‌ದಾರರನ್ನೋ ಠಾಣೆಯವರನ್ನೋ ಕರೆಸಿ. ನೋಡುವ ಕ್ರಮ ಇಷ್ಟು: ನಳಿಗೆಯ ಬಾಯಿ ಜನರಿಲ್ಲದ ಕಡೆ, ನೆಲದ ಮಣ್ಣಿನತ್ತ. ಬೆರಳು ಟ್ರಿಗರ್‌ನಿಂದ ಹೊರಗೆ. ನಳಿಗೆಯ ಹಿಂಭಾಗದ ಮೇಲಿರುವ ಲಿವರನ್ನು ಪಕ್ಕಕ್ಕೆ ಒತ್ತಿದರೆ ನಳಿಗೆ ಮಡಚಿಕೊಳ್ಳುತ್ತದೆ. ಎರಡೂ ನಳಿಗೆಯಲ್ಲಿ ಆಚೆಯ ಬೆಳಕು ಕಾಣಬೇಕು. ಹಳೆಯ ಕಾಗದದ ತೋಟೆ ಥಂಡಿಗೆ ಉಬ್ಬಿ ಒಳಗೇ ಕಚ್ಚಿಕೊಂಡಿದ್ದರೆ ಕೋಲು ಹಾಕಿ ತಿವಿಯಬೇಡಿ, 'ಹೊಡೆದು ಖಾಲಿ ಮಾಡೋಣ' ಅನ್ನಲೂ ಬೇಡಿ. ಮಡಚಿದ ಹಾಗೆಯೇ ಬಿಟ್ಟು, ಒಳಗೆ ತೋಟೆ ಇದೆ ಅಂತ ಹೇಳಿ ಒಪ್ಪಿಸಿ.

ನಂಬರು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಡೆ ಇರುತ್ತದೆ. ಮಡಚಿದಾಗ ಕಾಣುವ ನಳಿಗೆಯ ಚಪ್ಪಟೆ ತಳ, ಅದು ಕೂರುವ ಉಕ್ಕಿನ ಭಾಗ, ಕೆಳಗಿನ ಮರದ ತುಂಡಿನೊಳಗಿನ ಕಬ್ಬಿಣ, ಈ ಮೂರನ್ನೂ ನೋಡಿ, ಫೋಟೋ ತೆಗೆದು ಪುಸ್ತಕಕ್ಕೆ ತಾಳೆ ಹಾಕಿ. ಕೈಬರಹದ ಪುಸ್ತಕದಲ್ಲಿ 3 ಹೋಗಿ 8 ಆಗಿರುವುದು, 1 ಹೋಗಿ 7 ಆಗಿರುವುದು, ನಂಬರಿನ ಹಿಂದಿದ್ದ ಅಕ್ಷರ ಬಿಟ್ಟುಹೋಗಿರುವುದು, ಜೋಡಿ ನಳಿಗೆಯನ್ನು ಒಂಟಿ ಅಂತ ಬರೆದಿರುವುದು ಅಪರೂಪವೇನಲ್ಲ. ಹೀಗಿದ್ದರೆ ಡಿಪಾಸಿಟ್ ಅರ್ಜಿಯಲ್ಲೇ 'ಪುಸ್ತಕದಲ್ಲಿ ಹೀಗಿದೆ, ಕೋವಿಯ ಮೇಲೆ ಹೀಗಿದೆ' ಅಂತ ಬರೆಯಿರಿ, ಹಳೆಯ ಪುಸ್ತಕಗಳಿದ್ದರೆ ಲಗತ್ತಿಸಿ. ಅಚ್ಚು ಸ್ಪಷ್ಟ ಕಾಣಲಿ ಅಂತ ಅರ ಹಾಕಿ ಉಜ್ಜಬೇಡಿ. ನಂಬರು ಅಳಿಸುವುದು, ತಿದ್ದುವುದು 8ನೇ ಕಲಂನಲ್ಲಿ ಬೇರೆಯೇ ಅಪರಾಧ.

ತೋಟೆಗಳನ್ನು ಒಳಗಿನ ಚರೆಯ ಗಾತ್ರದ ಪ್ರಕಾರ ಎಲ್‌ಜಿ, ಎಸ್‌ಜಿ, ನಾಲ್ಕನೇ ನಂಬರು ಅಂತ ವಿಂಗಡಿಸಿ ಎಣಿಸಿ. ಆಮೇಲೆ ಮೇಜಿನ ಡ್ರಾ, ಹಳೆಯ ಕೋಟಿನ ಜೇಬು, ಪ್ರಯಾಣದ ಚೀಲ, ಎಲ್ಲ ಕೊಡವಿ ನೋಡಿ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವ ಬಿಡಿ ತೋಟೆಗಳು ಇಂಥ ಚೀಲದಿಂದಲೇ ಬರುವುದು. 'ಗೊತ್ತೇ ಇರಲಿಲ್ಲ' ಅನ್ನುವುದನ್ನು ಕೋರ್ಟುಗಳು ಎಷ್ಟೋ ಸಲ ಒಪ್ಪಿವೆ, ಅರಿತು ಇಟ್ಟುಕೊಂಡಿದ್ದರೆ ಮಾತ್ರ ಸ್ವಾಧೀನ ಅಂತ. ಆದರೆ ಅದು ಕೇಸಾದ ಮೇಲಿನ ಮಾತು, ವಿಮಾನವಂತೂ ಅಷ್ಟರಲ್ಲಿ ಹೋಗಿರುತ್ತದೆ.

ಕೊಡುವ ಮುನ್ನ ನಳಿಗೆಯ ಒಳಗೂ ಹೊರಗೂ ಕೋವಿಗೆ ಹಾಕುವ ತೆಳು ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಕೆಲವು ತಿಂಗಳಲ್ಲಿ ಅಂಟಾಗುತ್ತದೆ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೇ ಬೆವರುತ್ತದೆ.

ಅಜ್ಜನ ಕೇಪಿನ ಕೋವಿ: ತುಕ್ಕು ಹಿಡಿದರೆ ಸಾಲದು. 45ನೇ ಕಲಂನ ವಿನಾಯಿತಿ ಸಿಗಬೇಕಾದರೆ ಅದು ಹಳೆಯ ಮಾದರಿಯದ್ದೋ ಕೆಟ್ಟದ್ದೋ ಆಗಿರುವುದರ ಜೊತೆಗೆ, ರಿಪೇರಿ ಮಾಡಿದರೂ ಹೊಡೆಯಲು ಬಾರದಂತಿರಬೇಕು. ಕೇಪು ಕೂರುವ ಮೊಳೆ ಬದಲಾಯಿಸಿ, ತುಕ್ಕು ಕೆರೆದರೆ ಈಡು ಹಾರುತ್ತದೆ ಅನ್ನುವಂತಿದ್ದರೆ ಕಾನೂನಿನ ಕಣ್ಣಿಗೆ ಅದು ಬಂದೂಕೇ. ಆ ತೀರ್ಮಾನವನ್ನು ನೀವು ಅಟ್ಟದ ಮೇಲೆ ಕೂತು ಮಾಡಬೇಡಿ. ವಕೀಲರ ಮೂಲಕ ಡಿಸಿಗೆ ಬರೆದು, ಮನೆ ಸೋಸುವಾಗ ಸಿಕ್ಕಿತು ಅಂತ ಒಪ್ಪಿಸುವುದು ಮೇಲು.

ತೋಟದಮನೆ:

ತುಂಬಾ ಉಪಕಾರ. ತಮ್ಮನ ಹೆಸರಿಗೇ ಹಾಕುತ್ತೇವೆ. ಇನ್ನೊಂದು ಸಂಶಯ: ಎಡಗಡೆಯ ಹ್ಯಾಮರ್ ನಿಲ್ಲುವುದಿಲ್ಲ, ರಿಪೇರಿ ಆಗಬೇಕು. ನಾನು ಊರಿಗೆ ಹೋದಾಗ ಕಾರಲ್ಲಿ ತರಬಹುದೇ? ಬಿಚ್ಚಿ ಬರೀ ನಳಿಗೆ ಪಾರ್ಸೆಲ್ ಮಾಡಿದರೆ?

ಹಳೆಗುಮಾಸ್ತ:

ಈಗ ತರುವ ಹಾಗಿಲ್ಲ, ತಮ್ಮನಿಗೆ ಲೈಸೆನ್ಸ್ ಬಂದ ಮೇಲೆ ತರಬಹುದು. ಕಾರಣ ಹೀಗಿದೆ. 3ನೇ ಕಲಂ ಒಂದು ಸಣ್ಣ ಸಡಿಲಿಕೆ ಕೊಟ್ಟಿದೆ: ಲೈಸೆನ್ಸ್‌ದಾರ ಜೊತೆಯಲ್ಲಿದ್ದರೆ, ಅಥವಾ ಅವರು ಬರೆದುಕೊಟ್ಟ ಅಧಿಕಾರಪತ್ರ ಇದ್ದರೆ, ಲೈಸೆನ್ಸ್ ಇಲ್ಲದವರೂ ಕೋವಿಯನ್ನು ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಆ ಲೈಸೆನ್ಸ್‌ದಾರರ ಬಳಕೆಗೆ ಒಯ್ಯಬಹುದು. ಈಗ ಬರೆದುಕೊಡುವವರೇ ಇಲ್ಲವಲ್ಲ. ಅಪ್ಪ ಹಿಂದೆಂದೋ ಕೊಟ್ಟ ಪತ್ರ ಇದ್ದರೂ ಲೈಸೆನ್ಸಿನ ಜೊತೆಗೇ ಹೋಯಿತು.

ಮುಂದೆ ತಮ್ಮ ಬರೆದುಕೊಡುವಾಗ ನಿಮ್ಮ ಹೆಸರು, ವಿಳಾಸ, ಕೋವಿ ನಂಬರು, ಯಾವ ಅಂಗಡಿಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಲ್ಲ ಇರಲಿ. ಪುಸ್ತಕವೂ ಜೊತೆಗಿರಲಿ. ಅದಕ್ಕೂ ಮುಂಚೆ ಲೈಸೆನ್ಸಿನಲ್ಲಿ 'ಯಾವ ಪ್ರದೇಶಕ್ಕೆ ಅನ್ವಯ' ಅನ್ನುವ ಜಾಗ ನೋಡಿ. ಜಿಲ್ಲೆಗೆ ಮಾತ್ರ ಅಂತಿದ್ದರೆ ಗಡಿ ದಾಟುವ ಮುನ್ನ ಡಿಸಿ ಕಚೇರಿಯ ಅನುಮತಿ ಬೇಕು. ಶಿವಮೊಗ್ಗದಲ್ಲೇ ರಿಪೇರಿ ಆಗುವುದಾದರೆ ಇದೆಲ್ಲ ಯಾಕೆ ಮಾರಾಯ್ರೆ?

ಕಾರಿನಲ್ಲಿ ಕೋವಿ ಬಿಚ್ಚಿ, ಪೂರ್ತಿ ಮುಚ್ಚಿದ ಕೇಸಿನಲ್ಲಿ, ಡಿಕ್ಕಿಯಲ್ಲಿ. ತೋಟೆ ಬೇರೆ ಡಬ್ಬದಲ್ಲಿ. ರಿಪೇರಿಗಾದರೆ ತೋಟೆ ಒಯ್ಯಲೇಬೇಡಿ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ಒಬ್ಬರು ಕಾರಿನಲ್ಲೇ ಇರಲಿ. ಡಿಕ್ಕಿಯಿಂದ ಕಳುವಾದ ಕೋವಿಗೆ ಉತ್ತರ ಹೇಳಬೇಕಾದವರು ಲೈಸೆನ್ಸ್‌ದಾರರು.

ಪಾರ್ಸೆಲ್ ಮಾತು ಬಿಟ್ಟುಬಿಡಿ. ಕಾಯ್ದೆಯಲ್ಲಿ ಬಂದೂಕಿನ ವ್ಯಾಖ್ಯೆಗೆ ಅದರ ಬಿಡಿಭಾಗಗಳೂ ಸೇರುತ್ತವೆ. ಬಿಚ್ಚಿ ಕಳಿಸಿದ ನಳಿಗೆಯೂ ಬಂದೂಕು ಕಳಿಸಿದ ಲೆಕ್ಕವೇ. ಹಾಗೆ ಸರಕಾಗಿ ಸಾಗಿಸಲು ಸಾಗಾಣಿಕೆ ಲೈಸೆನ್ಸ್ ಬೇಕು, ಅದು ಡೀಲರ್‌ಗಳ ನಡುವಿನ ವ್ಯವಹಾರ. 'ಯಂತ್ರದ ಭಾಗ' ಅಂತ ಬರೆದು ಕಳಿಸಿದರೆ ಸ್ಕ್ಯಾನರ್‌ನಲ್ಲಿ ಎರಡು ನಳಿಗೆ ಎದ್ದು ಕಾಣುತ್ತದೆ, ಸುಳ್ಳು ಘೋಷಣೆಯೂ ಸೇರಿಕೊಳ್ಳುತ್ತದೆ. ತೋಟೆಯಂತೂ ಸ್ಫೋಟಕ.

ವಿಮಾನದ ಬಗ್ಗೆ ಮೇಲೆ ಬಂತಲ್ಲ, ಅದಕ್ಕೆ ಎರಡು ಮಾತು. ಲೈಸೆನ್ಸ್‌ದಾರರೇ ಒಯ್ಯುವುದಾದರೆ ಕೋವಿ ಚೆಕ್-ಇನ್ ಲಗೇಜಿನಲ್ಲಿ ಮಾತ್ರ. ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಬೇಕು, ಲೈಸೆನ್ಸ್ ತೋರಿಸಬೇಕು, ಖಾಲಿ ಇರಬೇಕು. ತೋಟೆಗೆ ಅಂತರರಾಷ್ಟ್ರೀಯ ಮಿತಿ ಒಬ್ಬರಿಗೆ ಒಟ್ಟು 5 ಕೆಜಿ. ವಿಮಾನ ಕಂಪನಿಗಳು ಅದಕ್ಕಿಂತ ಕಡಿಮೆ ಇಡಬಹುದು, ಒಪ್ಪದೆಯೂ ಇರಬಹುದು. ಟಿಕೆಟ್ ತೆಗೆಯುವ ಮುಂಚೆ ಅವರಿಂದ ಲಿಖಿತ ಉತ್ತರ ತರಿಸಿಕೊಳ್ಳಿ.

ಘಟ್ಟದಂಚು:

ಒಂದು ಬಿಟ್ಟುಹೋಗಿದೆ. ನಿಮ್ಮ ಹಳ್ಳಿ ಆಗುಂಬೆ ಕಡೆಯದಾದರೆ ಪಕ್ಕದಲ್ಲೇ ಸೋಮೇಶ್ವರ ಅಭಯಾರಣ್ಯ. 1972ರ ವನ್ಯಜೀವಿ ಕಾಯ್ದೆಯ 34ನೇ ಕಲಂ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ವಾರಸು ಅರ್ಜಿಗಳನ್ನೂ ಇದೇ ಕಾರಣಕ್ಕೆ ಅರಣ್ಯ ಇಲಾಖೆಗೆ ಕಳಿಸಿ ಕೂರಿಸಬಹುದು. ಅರ್ಜಿ ಹಾಕುವಾಗಲೇ ದೂರ ಎಷ್ಟು ಅಂತ ತಿಳಿದುಕೊಂಡಿರಿ. 31ನೇ ಕಲಂ ಇನ್ನೂ ಮುಖ್ಯ: ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಆಗುಂಬೆ ಘಾಟಿ ಇಳಿಯುವ ರಸ್ತೆ ಅದರೊಳಗೇ ಹೋಗುತ್ತದೆ. ರಿಪೇರಿಗೆ ಉಡುಪಿ ಕಡೆ ಹೊರಟರೆ ಬೇರೆ ದಾರಿ ಹಿಡಿಯಿರಿ.

ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಹಂದಿ ಹೊಡೆಯುವ ಪರವಾನಗಿ ಅಂತ ತಮ್ಮ ಅಂದುಕೊಳ್ಳದಿರಲಿ. ಪ್ರಾಣಿ ಹೊಡೆಯಲು ವನ್ಯಜೀವಿ ಕಾಯ್ದೆಯಡಿ ಬೇರೆಯೇ ಅನುಮತಿ ಬೇಕು.

ಜಮ್ಮಕೋವಿ:

ಕೊಡಗಿನವರು ಇದನ್ನು ಓದಿ ಗಾಬರಿಯಾಗಬೇಡಿ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಂ ಅಡಿ ಲೈಸೆನ್ಸ್ ವಿನಾಯಿತಿ ಇದೆ, ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದೆ. ವಿನಾಯಿತಿ ಇರುವುದು ಲೈಸೆನ್ಸಿಗೆ ಮಾತ್ರ. ಮದುವೆ ಮನೆಯಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರಿಗೆ ಅಪಾಯ ತಂದರೆ ಅದೇ ಕಾಯ್ದೆಯ 25(9)ರ ಎರಡು ವರ್ಷದವರೆಗಿನ ಜೈಲು, ಒಂದು ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡೂ ಎಲ್ಲರಿಗೂ ಒಂದೇ.

ಕಲಂ_ಇಪ್ಪತ್ತೊಂದು:

ಕೊನೆಗೊಂದು ಸೇರಿಸುತ್ತೇನೆ. ಲೈಸೆನ್ಸ್ ಬಂದ ಮೇಲೆ ಅದರಲ್ಲಿ ಯುಐಎನ್ ಇದೆಯೇ, ಕೋವಿ ನಂಬರು ಸರಿ ಏರಿದೆಯೇ ನೋಡಿಯೇ ಬಿಡಿಸಿಕೊಳ್ಳಲು ಹೋಗಿ. ಅವಧಿ ಐದು ವರ್ಷ, ನವೀಕರಣದ ಅರ್ಜಿ ಮುಗಿಯುವ ಎರಡು ತಿಂಗಳು ಮುಂಚೆಯೇ ಹೋಗಲಿ. ನಡುವೆ ಚುನಾವಣೆ ಬಂದರೆ ಮತ್ತೆ ಡಿಪಾಸಿಟ್ ಮಾಡಿ ಅಂತ ಆದೇಶ ಬರಬಹುದು. ತೋಟಕ್ಕೆ ಕಾಡುಪ್ರಾಣಿ ಕಾಟ ಇದ್ದರೆ ವಿನಾಯಿತಿ ಕೇಳಿ, ಚುನಾವಣೆ ಕಾಲದ ಡಿಪಾಸಿಟ್ ಪರಿಶೀಲಿಸುವ ಜಿಲ್ಲೆಯ ಸ್ಕ್ರೀನಿಂಗ್ ಸಮಿತಿಗೆ ಅರ್ಜಿ ಕೊಡಬಹುದು. ಉತ್ತರ ಬರುವವರೆಗೆ ಆದೇಶ ಪಾಲಿಸಿ, ರಸೀದಿ ಜೋಪಾನ ಮಾಡಿ. ಫಲಿತಾಂಶ ಬಂದ ಮೇಲೆ ಠಾಣೆಯವರು ತಾವಾಗಿ ಕರೆಯುತ್ತಾರೆ ಅಂತ ಕಾಯಬೇಡಿ, ನೀತಿ ಸಂಹಿತೆ ಮುಗಿದು ಡಿಪಾಸಿಟ್ ಆದೇಶದ ಅವಧಿ ತೀರಿದ ಕೂಡಲೇ ರಸೀದಿ ಹಿಡಿದು ಹೋಗಿ.