ಸಾಮಾನ್ಯ ಅಪವರ್ತನ ಇಲ್ಲ, ಆದ್ರೂ 1 ಯಾಕ ಬರವಲ್ದು?

ಮುಧೋಳ_ಇನ್‌ಸ್ಟ್ರುಮೆಂಟ್:
ಸಕ್ಕರೆ ಕಾರ್ಖಾನ್ಯಾಗ ಕೆಲಸ, ಜೋಡಿಗೆ ಎಂ.ಟೆಕ್. ಬಾಯ್ಲರ್ ಹಾಪರ್‌ಗೆ ಬೆಲ್ಟ್ ಮ್ಯಾಲೆ ಬಗ್ಯಾಸ್ (ಕಬ್ಬು ಹಿಂಡಿ ಉಳಿದ ಸಿಪ್ಪಿ) ಬರತೈತಿ. ಈ ತುದಿಗೆ ಹಾಕಿದ್ದು ಆ ತುದಿ ಮುಟ್ಟಾಕ ಹೊತ್ತು ಹಿಡಿತೈತಿ. ಅವಕಲನಕ್ಕ ಎಸ್, ಬೆಲ್ಟಿನ ತಡಕ್ಕ ಝಡ್ ಅಂತ ಇಟ್ಟರ ಮಾದರಿ ಒಂದ ಸಾಲಿನ ಮ್ಯಾಟ್ರಿಕ್ಸ್: [ಎಸ್, −ಝಡ್]. ಎರಡಕ್ಕೂ ಸಾಮಾನ್ಯ ಅಪವರ್ತನ ಇಲ್ಲ. ಹಂಗಿದ್ರ ಪ·ಎಸ್ + ಕ·ಝಡ್ = 1 ಆಗೋ ಬಹುಪದೋಕ್ತಿ ಪ, ಕ ಸಿಗಬೇಕಲ್ರಿ? ಯೂಕ್ಲಿಡ್ ಭಾಗಾಕಾರ ಮುಂದಕ್ಕ ಹೋಗವಲ್ದು.

ತಿಲಕವಾಡಿ_ಮಾಸ್ತರ:
ಸಿಗಂಗಿಲ್ಲ. ಎಸ್‌ಗೂ ಝಡ್‌ಗೂ 0 ಹಾಕ್ರಿ: ಎಡಕ್ಕ 0, ಬಲಕ್ಕ 1. ಅಲ್ಲಿಗೆ ಮುಗೀತು.
ಒಂದ ಚರ ಇದ್ದಾಗ ಅಪವರ್ತನ ಇಲ್ಲ ಅಂದ್ರ ಇಬ್ಬರೂ ಸೊನ್ನೆ ಆಗೋ ಜಾಗಾನೂ ಇಲ್ಲ. ಎರಡು ಚರಕ್ಕ ಬಂದ್ರ ಅಪವರ್ತನ ಇಲ್ದೇನೂ ಒಂದು ಬಿಂದುವಿನ್ಯಾಗ ಇಬ್ಬರೂ ಸೊನ್ನೆ ಆಗಬಹುದು. 1979ರಾಗ ಯೂಲಾ, ನ್ಯಾವಿ ಅನ್ನೋ ಸಂಶೋಧಕರು ಇದನ್ನ ಮೂರು ಥರ ಬಿಡಿಸಿಟ್ಟರು: ಮೈನರ್‌ಗಳು (ಮ್ಯಾಟ್ರಿಕ್ಸಿನ ಪೂರ್ತಿ ಗಾತ್ರದ ಚೌಕ ತುಂಡಿನ ನಿರ್ಧಾರಕಗಳು) ಎಲ್ಲೂ ಒಟ್ಟಿಗೆ ಸೊನ್ನೆ ಆಗದ್ದು, ಅವಕ್ಕ ಸಾಮಾನ್ಯ ಅಪವರ್ತನ ಇಲ್ಲದ್ದು, ಮ್ಯಾಟ್ರಿಕ್ಸ್ ಅಪವರ್ತನಾನ ಹೊರಗ ತಗಿಯಾಕ ಬರದ್ದು. ಒಂದ ಚರಕ್ಕ ಮೂರೂ ಒಂದ. ಎರಡಕ್ಕ ಕಡೀ ಎರಡು ಒಂದ, ಮೊದಲಿನದು ಬ್ಯಾರೆ. ಮೂರಕ್ಕ ಮೂರೂ ಬ್ಯಾರೆ. ಇದನ್ನ ಒಂದ ಚರದ ಪಾಠದ ಕಡೀಗೆ ಒಂದ ಸಾಲಿನ್ಯಾಗರ ಯಾರೂ ಹೇಳಂಗಿಲ್ಲ.

ಸಿಂದಗಿ_ಕಂಟ್ರೋಲ್:
ಮಾಸ್ತರ ಲೆಕ್ಕ ಖರೆ. ಆದ್ರ ಬೆಲ್ಟಿನ ಝಡ್ ಅಂದ್ರ ಘಾತೀಯ ಫಲನ, ಅದು ಯಾವತ್ತೂ 0 ಆಗಂಗಿಲ್ಲ. ಝಡ್‌ನ ವಿಲೋಮಕ್ಕೂ ಜಾಗಾ ಕೊಟ್ಟರ 1 ತಾನ ಬರತೈತಿ. ವಿಲೋಮ ಅಂದ್ರ ಮುಂದಿನ ಹೊತ್ತಿನ ಬೆಲೆ. ನಾಳೆ ಹಾಪರ್ ಹೆಂಗ ತುಂಬಬೇಕಂತ ಮೊದಲ ಠರಾವು ಮಾಡಿದ್ರ ಆ ಬೆಲೆ ಕೈಯಾಗ ಇರತೈತಿ. ಸೆನ್ಸರ್ ನೋಡ್ಕೋತ ಓಡಸ್ತೀನಿ ಅಂದ್ರ ಇರಂಗಿಲ್ಲ.

ಮುಧೋಳ_ಇನ್‌ಸ್ಟ್ರುಮೆಂಟ್:
ಇನ್ನೊಂದು ಬೆಲ್ಟ್ ಐತ್ರಿ, ಅದರ ತಡಕ್ಕೂ ಇದರ ತಡಕ್ಕೂ ತಾಳ ಇಲ್ಲ (ಎರಡರ ಅನುಪಾತ ಭಿನ್ನರಾಶಿಯಾಗ ಬರಂಗಿಲ್ಲ). ಮೂರನೇ ಚರ ಡಬ್ಲ್ಯೂ ಆತಲ್ಲ?

ತಿಲಕವಾಡಿ_ಮಾಸ್ತರ:
ಆತು. ನಿಮ್ಮ ಬೆಲ್ಟ್ ಬಿಟ್ಟು ಸುಮ್ನ ಇದನ್ನ ಬರೀರಿ: ಸಾಲು [0, −ಡಬ್ಲ್ಯೂ, ಝಡ್], ಅದರ ಕೆಳಗ [ಡಬ್ಲ್ಯೂ, 0, −ಎಸ್]. ಮೂರೂ ಮೈನರ್‌ನ್ಯಾಗ ಡಬ್ಲ್ಯೂ ಐತಿ. ತಗದ್ರ ಉಳಿಯೋದು ಡಬ್ಲ್ಯೂ, −ಝಡ್, ಎಸ್. ಉಳಿದದ್ದಕ್ಕ ಸಾಮಾನ್ಯ ಸೊನ್ನೆ ಇಲ್ಲದಿದ್ರ ತಗದದ್ದೇ ನಿರ್ಧಾರಕ ಆಗಿರೋ ಮ್ಯಾಟ್ರಿಕ್ಸ್ ಅಪವರ್ತನ ಹೊರಗ ಬಂದ ಬರತೈತಿ ಅಂತ ಲಿನ್ ಮತ್ತ ನಮ್ಮ ದೇಶದಾಗ ಹುಟ್ಟಿದ ಎನ್.ಕೆ. ಬೋಸ್ ಅನ್ನೋ ಸಂಶೋಧಕರು 2001ರಾಗ ಊಹೆ ಮಾಡಿದ್ರು. ಆಮ್ಯಾಲೆ ಸಾಧನೆನೂ ಆತು. ಇಲ್ಲಿ ಮೂರೂ ಮೂಲಬಿಂದುವಿನ್ಯಾಗ 0. ಹಿಂಗಾಗಿ ಅವರ ಮಾತು ಇದಕ್ಕ ತಾಗಂಗಿಲ್ಲ, ಅಪವರ್ತನಾನೂ ಬರಂಗಿಲ್ಲ: ಬಂದಿದ್ರ ಆ 2×2 ಅಪವರ್ತನದ ನಾಕೂ ಪದ ಮೂಲಬಿಂದುವಿನ್ಯಾಗ 0 ಆಗಬೇಕಾಗತಿತ್ತು, ಅಂಥಾದ್ದರ ನಿರ್ಧಾರಕದಾಗ ಬರೇ ಡಬ್ಲ್ಯೂ ಉಳಿಯಂಗಿಲ್ಲ.