ಏಳು ಬಲ್ಬಿನ ಅಡ್ವೆಂಟ್ ಸ್ಟ್ಯಾಂಡ್: ಒಂದು ಪೂರ್ತಿ ಕತ್ತಲೆ, ಇನ್ನೊಂದರಲ್ಲಿ ಆರೇ ಬಲ್ಬ್, ಅದೂ ಜೋರಾಗಿ

ಮೂರು_ಕಿಟಕಿ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಹಳೇ ಕಟ್ಟಡದ ಫ್ಲ್ಯಾಟು, ರಸ್ತೆ ಕಡೆಗೆ ಮೂರು ಕಿಟಕಿ. ಎರಡಕ್ಕೆ ಸೆಕೆಂಡ್‌ಹ್ಯಾಂಡ್ ಅಂಗಡಿಯ ಮರದ ಅಡ್ವೆಂಟ್ಸ್‌ಯೂಸ್‌ಸ್ಟಾಕೆ, ಅಂದರೆ ನಡುವೆ ಎತ್ತರವಾಗಿ ಎರಡೂ ಬದಿಗೆ ಇಳಿಯುವ ಏಳು ಬಲ್ಬಿನ ಸ್ಟ್ಯಾಂಡು, ಅಡ್ವೆಂಟಿಗೆ (ಕ್ರಿಸ್‌ಮಸ್‌ಗೆ ಹಿಂದಿನ ನಾಲ್ಕು ವಾರ) ಕಿಟಕಿಯಲ್ಲಿ ಇಡೋದು. ಮೂರನೇ ಕಿಟಕಿಗೆ ಕಾಗದದ ನಕ್ಷತ್ರ.

ಮೊದಲ ಸ್ಟ್ಯಾಂಡ್ ಪ್ಲಗ್ ಹಾಕಿದರೆ ಏಳರಲ್ಲಿ ಒಂದೂ ಹೊತ್ತಲ್ಲ. ಎರಡನೆಯದರಲ್ಲಿ ಒಂದೇ ಬಲ್ಬ್ ಹೋಗಿದೆ, ಉಳಿದವು ಮೊದಲಿಗಿಂತ ಪ್ರಕಾಶವಾಗಿ ಉರೀತಿವೆ. ಒಂದೇ ತರದ ಸ್ಟ್ಯಾಂಡಿಗೆ ಎರಡು ತರದ ನಡವಳಿಕೆ ಯಾಕೆ? ಯಾವ ಬಲ್ಬ್ ತರಬೇಕು, ಎಲ್‌ಇಡಿ ಹಾಕಬಹುದಾ? ನಕ್ಷತ್ರಕ್ಕೆ ಎಷ್ಟು ವ್ಯಾಟ್? ಯಾವತ್ತು ಹಚ್ಚಿ ಯಾವತ್ತು ತೆಗೀಬೇಕು ಅನ್ನೋದನ್ನೂ ಹೇಳಿ.

ಫೇಸು_ನ್ಯೂಟ್ರಲ್ಲು

ಎರಡಕ್ಕೂ ಒಂದೇ ಕಾಯಿಲೆ, ಬಲ್ಬಿನ ಜಾತಿ ಮಾತ್ರ ಬೇರೆ.

ಊರಲ್ಲಿ ದೀಪಾವಳಿಗೆ ಹಾಕೋ ಸೀರಿಯಲ್ ಸೆಟ್ ನೋಡಿದ್ದೀರಲ್ಲ, ಇದೂ ಅದೇ. 230 ವೋಲ್ಟು ಏಳು ಬಲ್ಬುಗಳನ್ನು ಒಂದರ ಹಿಂದೆ ಒಂದು ದಾಟಿಕೊಂಡು ಹೋಗುತ್ತೆ, ಒಂದೊಂದಕ್ಕೆ ಸುಮಾರು 33 ವೋಲ್ಟ್ ಪಾಲು ಬರುತ್ತೆ. ಅದಕ್ಕೇ ಬಲ್ಬಿನ ಲೋಹದ ಬುಡದಲ್ಲಿ 34 ವೋಲ್ಟ್, 3 ವ್ಯಾಟ್ ಅಂತ ಅಚ್ಚಾಗಿರುತ್ತೆ. ತಿರುಪಿನ ಅಳತೆ ಇ10, ಅಂದರೆ 10 ಮಿಲಿಮೀಟರ್.

ಮೊದಲ ಸ್ಟ್ಯಾಂಡಿನಲ್ಲಿ ಇರೋದು ಸಾದಾ ಬಲ್ಬ್. ಒಂದರ ತಂತಿ ಕಡಿದರೆ ಅಥವಾ ಒಂದು ಸಡಿಲವಾದರೆ ದಾರಿಯೇ ತುಂಡು. ಎರಡನೆಯದರಲ್ಲಿ ಬಲ್ಬಿನ ಒಳಗೆ ಷಂಟ್ ಅನ್ನೋ ಬದಲಿ ದಾರಿ ಇದೆ. ತಂತಿ ಸುಟ್ಟ ಕೂಡಲೇ ಕರೆಂಟು ಆ ದಾರಿ ಹಿಡಿಯುತ್ತೆ. ಚೆನ್ನಾಗೇ ಇದೆ ಅಂತ ಬಿಡಬೇಡಿ. ಈಗ 230 ವೋಲ್ಟನ್ನು ಆರೇ ಬಲ್ಬ್ ಹಂಚಿಕೊಳ್ಳಬೇಕು, ಒಂದೊಂದಕ್ಕೆ 38 ವೋಲ್ಟ್. ಇನ್ನೊಂದು ಹೋದರೆ 46. ಜೋರಾಗಿ ಕಾಣ್ತಿರೋದು ಅದಕ್ಕೇ, ಮೊದಲನೆಯದು ಹೋದ ಮೇಲೆ ಉಳಿದವು ಸಾಲಾಗಿ ಹೋಗೋದೂ ಅದಕ್ಕೇ. ಅವತ್ತೇ ಬದಲಿಸಿ.

ಕತ್ತಲೆಯಾಗಿರೋ ಸ್ಟ್ಯಾಂಡಿಗೆ ಮೊದಲು ಪ್ಲಗ್ ಕಿತ್ತು ಏಳನ್ನೂ ಕೈಬೆರಳಲ್ಲಿ ಬಲಕ್ಕೆ ತಿರುಗಿಸಿ ಬಿಗಿ ಮಾಡಿ. ವರ್ಷವಿಡೀ ಡಬ್ಬದಲ್ಲಿ ಅಲ್ಲಾಡಿ ಸಡಿಲವಾಗಿರೋದೇ ಹೆಚ್ಚು, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಆಗಲಿಲ್ಲ ಅಂದರೆ ಮಲ್ಟಿಮೀಟರಿನಲ್ಲಿ ಒಂದೊಂದೇ ಬಲ್ಬಿನ ಓಮ್ ನೋಡಿ. ತಣ್ಣಗಿರೋ ಒಳ್ಳೇ ಬಲ್ಬ್ ಹತ್ತಾರು ಓಮ್ ತೋರಿಸುತ್ತೆ, ಸತ್ತದ್ದು ಏನೂ ತೋರಿಸಲ್ಲ. ಮೀಟರ್ ಇಲ್ಲದಿದ್ದರೆ ಒಂದು ಹೊಸ ಬಲ್ಬನ್ನು ಮೊದಲ ಹೋಲ್ಡರಿಂದ ಏಳನೆಯದರವರೆಗೆ ಸರದಿಯಲ್ಲಿ ಹಾಕಿ ನೋಡಿ. ಎರಡು ಬಲ್ಬ್ ಒಟ್ಟಿಗೆ ಹೋಗಿದ್ದರೆ ಮಾತ್ರ ಈ ಉಪಾಯ ಕೈಕೊಡುತ್ತೆ.

ಪ್ರತಿ ಸಲವೂ ಪ್ಲಗ್ ಕೀಳಲೇಬೇಕು. ಬರೀ 34 ವೋಲ್ಟ್ ತಾನೇ ಅಂತ ಖಾಲಿ ಹೋಲ್ಡರಿಗೆ ಬೆರಳು ಹಾಕೋರಿದ್ದಾರೆ. ದಾರಿ ತುಂಡಾಗಿರುವಾಗ ಬೇರೆ ಬಲ್ಬುಗಳ ಮೇಲೆ ವೋಲ್ಟೇಜ್ ಇಳಿಯೋದೇ ಇಲ್ಲ, ಆ ಖಾಲಿ ಹೋಲ್ಡರಿನಲ್ಲಿ ಪೂರ್ತಿ 230 ಕೂತಿರುತ್ತೆ. ವೈರಿನ ಮೇಲಿನ ಸ್ವಿಚ್ಚನ್ನೂ ನಂಬಬೇಡಿ. ಅದು ಒಂದೇ ತಂತಿಯನ್ನು ಕಡಿಯೋದು, ಇಲ್ಲಿನ ಪ್ಲಗ್ ಎರಡು ಕಡೆಯಿಂದಲೂ ಕೂರುತ್ತೆ, ಫೇಸ್ ಯಾವ ತಂತಿಗೆ ಬಂತು ಅನ್ನೋದು ಅದೃಷ್ಟ.

ಯೋತೆಬೊರಿ_ಗೋದಾಮು

ಮೇಲಿನದಕ್ಕೆ ಒಂದು ಬಾಲ. ಈ ಸ್ಟ್ಯಾಂಡ್ ಹುಟ್ಟಿದ್ದೇ ನಿಮ್ಮ ಊರಲ್ಲಿ. 1930ರ ದಶಕದಲ್ಲಿ ಗೋಥೆನ್‌ಬರ್ಗ್‌ನ ಫಿಲಿಪ್ಸ್ ಗೋದಾಮಿನಲ್ಲಿ ಕೆಲಸಕ್ಕಿದ್ದ ಆಸ್ಕರ್ ಆಂಡರ್ಸನ್, ವಾಪಸ್ ಬಂದಿದ್ದ ಕ್ರಿಸ್‌ಮಸ್ ಮರದ ದೀಪದ ಸರಗಳಿಂದ ಇದನ್ನು ಮಾಡಿದರು. 1939ರಲ್ಲಿ ಕಂಪನಿ ತಯಾರಿಕೆಗೆ ಇಳಿಯಿತು. ಕ್ರಿಸ್‌ಮಸ್ ಮರದ ಸರ ಸೀರೀಸಿನಲ್ಲಿತ್ತು, ಅಂದರೆ ಒಂದರ ಹಿಂದೆ ಒಂದು, ಅದರಿಂದ ಹುಟ್ಟಿದ ಸ್ಟ್ಯಾಂಡೂ ಹಾಗೇ ಆಯಿತು.

ಬಲ್ಬ್ ಕೊಳ್ಳುವಾಗ ನೆನಪಿಡಿ: ಐದು ಬಲ್ಬಿನದಕ್ಕೆ 46 ವೋಲ್ಟಿನ ಆಸುಪಾಸು, ಹತ್ತರದಕ್ಕೆ 23ರ ಆಸುಪಾಸು ಬೇಕು. ತಿರುಪು ಎಲ್ಲದಕ್ಕೂ ಇ10 ಆಗಿರಬಹುದು, ಹಾಗಾಗಿ ಕೂತಿತು ಅಂದ ಮಾತ್ರಕ್ಕೆ ಸರಿ ಅಲ್ಲ. ಅಂಗಡಿಯಲ್ಲಿ ‘ರೆಸೆರ್ವ್‌ಲಾಂಪೂರ್’ (ಬದಲಿ ಬಲ್ಬುಗಳು) ಅಂತ ಬರೆದ ಕಡೆ ಹುಡುಕಿ, ಹಳೇ ಬಲ್ಬ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಪ್ಲಗ್ಗಿನಲ್ಲೇ ದಪ್ಪ ಅಡಾಪ್ಟರ್ ಇದ್ದರೆ ಅದು ಕಡಿಮೆ ವೋಲ್ಟಿನ ಬೇರೆ ಜಾತಿ, ಅದರ ಮೇಲಿನ ಚೀಟಿ ಓದಿ.

ಎಲ್‌ಇಡಿ ಹಾಕಬಹುದು, ಆದರೆ ಏಳನ್ನೂ ಒಟ್ಟಿಗೆ, ಒಂದೇ ಕಂಪನಿಯದು. ‘10–55 ವೋಲ್ಟ್’ ಅಂತ ಬರೆದಿರೋ ಇ10 ಎಲ್‌ಇಡಿ ಬರುತ್ತೆ, ತಲಾ 0.1 ಅಥವಾ 0.2 ವ್ಯಾಟ್. ಸತ್ತ ಒಂದರ ಜಾಗಕ್ಕೆ ಮಾತ್ರ ಎಲ್‌ಇಡಿ ಹಾಕಿದರೆ ಏನಾಗುತ್ತೆ ಗೊತ್ತಾ? ಎಲ್‌ಇಡಿ ಬಿಡೋ ಕರೆಂಟು ಚಿಟಿಕೆಯಷ್ಟು, ಅದು ಉಳಿದ ಆರು ತಂತಿಗಳನ್ನು ಬಿಸಿ ಕೂಡ ಮಾಡಲ್ಲ. ಹತ್ತಿರ ಹತ್ತಿರ 230 ವೋಲ್ಟೂ 55ಕ್ಕೆ ಮಾಡಿದ ಆ ಒಂದು ಎಲ್‌ಇಡಿಯ ತಲೆ ಮೇಲೆ. ಹೊಸದು ಹಾಕಿದ ತಕ್ಷಣ ಸುಟ್ಟಿತು ಅಂತ ದೂರುವವರ ಕಥೆ ಬಹುತೇಕ ಇದೇ.

ಬಣ್ಣ 2100–2200 ಕೆಲ್ವಿನ್ ತಗೊಳ್ಳಿ, ಮೇಣದಬತ್ತಿಗೆ ಹತ್ತಿರ. 2700 ಬೇರೆ ಕಡೆ ಬೆಚ್ಚಗಿನ ಬಿಳಿ ಅನಿಸಿಕೊಂಡರೂ ಪಕ್ಕದ ಮನೆಯ ಹಳೇ ಸ್ಟ್ಯಾಂಡಿನ ಮುಂದೆ ಹಾಲಿನ ಹಾಗೆ ಪೇಲವ.

ತೂಗುನಕ್ಷತ್ರ

ನಕ್ಷತ್ರದ ವಿಷಯ. ಅಡ್ವೆಂಟ್ಸ್‌ಶೆರ್ನಾ, ಅಂದರೆ ಈ ಕಿಟಕಿಯ ನಕ್ಷತ್ರದ ಮೂಲ ಜರ್ಮನಿಯ ಮೊರೇವಿಯನ್ ಕ್ರೈಸ್ತರ ಹೆರ್ನ್‌ಹುಟ್ ನಕ್ಷತ್ರ. ಸ್ವೀಡನ್ನಿನದು ಸಾಮಾನ್ಯವಾಗಿ ಮಡಚಿಡುವ ಕಾಗದದ್ದು, ಒಳಗೆ ಇ14 ಹೋಲ್ಡರ್.

ಹೋಲ್ಡರಿನ ಮೇಲೆ ಗರಿಷ್ಠ ವ್ಯಾಟ್ ಬರೆದಿರುತ್ತೆ, ಸಾಮಾನ್ಯವಾಗಿ 25. ಹಳೇ 40 ವ್ಯಾಟ್ ಬಲ್ಬ್ ಹಾಕಿದರೆ ಮೊದಲು ಬಲ್ಬಿನ ನೇರ ಮೇಲಿನ ಮಡಿಕೆ ಕಂದು ತಿರುಗುತ್ತೆ, ಆಮೇಲೆ ಪುಡಿಯಾಗುತ್ತೆ. 2ರಿಂದ 4 ವ್ಯಾಟಿನ ಎಲ್‌ಇಡಿ ಸಾಕು. ಮಂಜುಗಾಜಿನದೇ ತಗೊಳ್ಳಿ, ಪಾರದರ್ಶಕ ಗಾಜಿನದಾದರೆ ಒಳಗಿನ ಮಡಿಕೆಗಳ ನೆರಳು ಗೀರುಗೀರಾಗಿ ಬೀಳುತ್ತೆ. ಎಲ್‌ಇಡಿ ಆದರೂ ಬಲ್ಬ್ ಕಾಗದಕ್ಕೆ ತಾಗಬಾರದು, ಹೋಲ್ಡರಿನ ಜೊತೆ ತಂತಿಯ ಉಂಗುರ ಕೊಟ್ಟಿದ್ದರೆ ಬಿಸಾಡಬೇಡಿ.

ಇಲ್ಲಿನ ಫ್ಲ್ಯಾಟುಗಳಲ್ಲಿ ರೇಡಿಯೇಟರ್ ಕಿಟಕಿಯ ಕೆಳಗೇ ಇರುತ್ತೆ. ಬಿಸಿಗಾಳಿ ಮೇಲೇಳುತ್ತಾ ನಕ್ಷತ್ರವನ್ನು ನಿಧಾನವಾಗಿ ತಿರುಗಿಸುತ್ತೆ, ವೈರು ಹುರಿಗೊಳ್ಳುತ್ತೆ, ಕೊನೆಗೆ ಪರದೆಗೆ ಒರಗುತ್ತೆ. ತುದಿಗೆ ಕಣ್ಣಿಗೆ ಕಾಣದ ನೈಲಾನ್ ದಾರ ಕಟ್ಟಿ ಪಕ್ಕದ ಚೌಕಟ್ಟಿಗೆ ಹಿಡಿಸಿದರೆ ತಿರುಗಲ್ಲ. ಗಾಜಿನಿಂದ 10 ಸೆಂಟಿಮೀಟರ್ ದೂರ ಇರಲಿ. ಚಳಿಯಲ್ಲಿ ಹಳೇ ಕಿಟಕಿಯ ಗಾಜಿನ ಒಳಮೈಗೆ ನೀರು ಕೂರುತ್ತೆ, ಕಾಗದ ಅದನ್ನು ಹೀರಿ ಸೊಟ್ಟಗಾಗುತ್ತೆ. ಅದೇ ಕಾರಣಕ್ಕೆ ಗಾಜಿಗೆ ಅಂಟಿಸೋ ಕೊಕ್ಕೆಗಳು ರಾತ್ರೋರಾತ್ರಿ ಉದುರುತ್ತವೆ. ಮರದ ಚೌಕಟ್ಟಿಗೆ ಅಥವಾ ಸೀಲಿಂಗಿಗೆ ತಿರುಪಿನ ಕೊಕ್ಕೆ ಹಾಕಿ.

ಮೂರು_ಕಿಟಕಿ

ಮೊದಲನೆಯದರಲ್ಲಿ ನಾಲ್ಕನೇ ಬಲ್ಬ್ ಸಡಿಲ ಅಷ್ಟೆ, ಹೊತ್ತಿತು. ಎರಡನೆಯದಕ್ಕೆ ಏಳೂ ಎಲ್‌ಇಡಿ ತರ್ತೀನಿ. ಇವನ್ನು ರಾತ್ರಿಯೆಲ್ಲಾ ಬಿಡಬಹುದಾ? ಟೈಮರ್ ಹಾಕಿದರೆ ಎಷ್ಟು ಗಂಟೆಗೆ ಇಡಲಿ? ಆಮೇಲೆ ಇದನ್ನೇ ಬೆಂಗಳೂರಿಗೆ ಒಯ್ದರೆ ನಡೆಯುತ್ತಾ?

ಕ್ನೂಟ್_ದಿನ

ಹಚ್ಚೋದು ಅಡ್ವೆಂಟಿನ ಮೊದಲ ಭಾನುವಾರ, ಕ್ರಿಸ್‌ಮಸ್‌ಗೆ ಹಿಂದಿನ ನಾಲ್ಕನೇ ಭಾನುವಾರ. ಯಾವ ವರ್ಷವಾದರೂ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೇ ಬೀಳುತ್ತೆ; 2026ರಲ್ಲಿ ನವೆಂಬರ್ 29. ತೆಗೆಯೋದು ಜನವರಿ 13, ಕ್ನೂಟ್ ದಿನ. ಒಂದೆರಡು ದಿನ ಆಚೀಚೆ ಆದರೆ ಯಾರೂ ಏನೂ ಅನ್ನಲ್ಲ, ಫೆಬ್ರವರಿವರೆಗೆ ಇಟ್ಟರೆ ನೆರೆಯವರು ಕಿಟಕಿ ನೋಡ್ತಾರೆ, ಮಾತಾಡಲ್ಲ.

ಟೈಮರಿಗೆ ಬೆಳಿಗ್ಗೆ 6ರಿಂದ 9, ಮಧ್ಯಾಹ್ನ 3ರಿಂದ ರಾತ್ರಿ 11. ಡಿಸೆಂಬರ್ ಕೊನೆಯ ವಾರಗಳಲ್ಲಿ ನಿಮ್ಮಲ್ಲಿ ಸೂರ್ಯ ಇರೋದೇ ಆರೂವರೆ ಗಂಟೆಯ ಆಸುಪಾಸು. ಸ್ವೀಡನ್ನಿನ ಉತ್ತರದ ತುದಿಯ ಕಿರುನಾದಲ್ಲಿ ಆ ದಿನಗಳಲ್ಲಿ ಹುಟ್ಟೋದೇ ಇಲ್ಲ, ಅಲ್ಲಿ ಟೈಮರಿನ ಪ್ರಶ್ನೆ ಬೇರೆ. ಕರೆಂಟಿನ ಲೆಕ್ಕ: ಹಳೇ ಬಲ್ಬ್ ಒಂದು ಸ್ಟ್ಯಾಂಡಿಗೆ 21 ವ್ಯಾಟ್, 45 ದಿನ ಹಗಲೂ ರಾತ್ರಿ ಬಿಟ್ಟರೆ ಸುಮಾರು 23 ಯೂನಿಟ್. ದಿನಕ್ಕೆ 11 ಗಂಟೆ ಆದರೆ ಹತ್ತೂವರೆ. 0.2 ವ್ಯಾಟಿನ ಎಲ್‌ಇಡಿ ಹಗಲೂ ರಾತ್ರಿ ಉರಿದರೂ ಒಂದೂವರೆ ಯೂನಿಟ್. ಎಲ್‌ಇಡಿಯಾದರೂ ಕಾಗದದ ನಕ್ಷತ್ರವನ್ನು ಮಲಗುವಾಗ ಆರಿಸಿ ಅಂತಲೇ ನಾನು ಹೇಳೋದು. ಸ್ಟ್ಯಾಂಡಿನ ಹಿಂದೆ ಪರದೆ ಜಾರಿ ಬೀಳದ ಹಾಗೆ ಕಟ್ಟಿ. ಡಿಮ್ಮರ್ ಇರೋ ಪಾಯಿಂಟಿಗೆ ಎಲ್‌ಇಡಿ ಸ್ಟ್ಯಾಂಡ್ ಚುಚ್ಚಬೇಡಿ, ಮಿಣುಕುತ್ತೆ. ಬಾಲ್ಕನಿಗೆ ಇವು ಬೇಡವೇ ಬೇಡ. ಹೊರಗಿಡೋದಕ್ಕೆ ನೀರಿನ ಹನಿ ತಡೆಯುತ್ತೆ ಅನ್ನೋ ಐಪಿ44 ಗುರುತು ಇರಬೇಕು, ಟೈಮರಿಗೂ ಸೇರಿಸಿ.

ನಾಲ್ಕು ನಿಜವಾದ ಮೇಣದಬತ್ತಿಯ ಸ್ಟ್ಯಾಂಡೂ ಇಟ್ಟರೆ ಅದು ಕಿಟಕಿಗಲ್ಲ, ಮೇಜಿಗೆ. ಮೊದಲ ಭಾನುವಾರ ಒಂದು, ಮುಂದಿನದಕ್ಕೆ ಎರಡು, ಹಾಗೆ. ನಾಲ್ಕನೇ ವಾರಕ್ಕೆ ಮೆಟ್ಟಿಲಿನ ಹಾಗೆ ಕಾಣಬೇಕು, ಆದರೆ ಮೊದಲನೆಯದನ್ನು ಮೊದಲ ದಿನವೇ ಅರ್ಧ ಉರಿಸಿಬಿಟ್ಟರೆ ಕ್ರಿಸ್‌ಮಸ್ ತನಕ ಬರಲ್ಲ. ಬುಡದಲ್ಲಿ ಅಲಂಕಾರಕ್ಕಿಡೋ ಬಿಳಿ ಪಾಚಿ ಒಣಗಿದರೆ ಬತ್ತಿಯ ಕಿಡಿಗೆ ಭಗ್ಗನೆ ಹತ್ತುತ್ತೆ. ಮೇಣದಬತ್ತಿ ಎರಡು ಬೆರಳು ಉಳಿದಾಗಲೇ ಬದಲಿಸಿ.

ಫೇಸು_ನ್ಯೂಟ್ರಲ್ಲು

ಬೆಂಗಳೂರಿಗೆ ಒಯ್ಯಬಹುದು. ಎರಡೂ ಕಡೆ 230 ವೋಲ್ಟ್, 50 ಹರ್ಟ್ಜ್. ತೊಂದರೆ ಎರಡು. ಇಲ್ಲಿನ ಚಪ್ಪಟೆ ಪ್ಲಗ್ಗಿನ ಕಡ್ಡಿ 4 ಮಿಲಿಮೀಟರ್, ನಮ್ಮ 5 ಆಂಪ್ ಸಾಕೆಟ್ಟಿನ ತೂತು 5ಕ್ಕೆ ಮಾಡಿದ್ದು. ಸಡಿಲವಾಗಿ ಕೂತು ಕಿಡಿ ಹಾರಿಸುತ್ತೆ, ಪ್ಲಾಸ್ಟಿಕ್ ಕರಗುತ್ತೆ, ಗಟ್ಟಿಯಾಗಿ ಹಿಡಿಯೋ ಅಡಾಪ್ಟರ್ ಹಾಕಿ. ಎರಡನೆಯದು ವೋಲ್ಟೇಜ್ ಏರಿಳಿತ: 250 ಬಂದರೆ ಒಂದೊಂದು ಬಲ್ಬಿಗೆ 36 ಆಗುತ್ತೆ, ತಂತಿಯ ಬಲ್ಬಿನ ಆಯಸ್ಸು ಕಮ್ಮಿ. ಎಲ್‌ಇಡಿ ಸೆಟ್ಟಿಗೆ ಇದು ಲೆಕ್ಕಕ್ಕಿಲ್ಲ. ಅಲ್ಲಿ ಗಾಂಧಿಬಜಾರ್ ಸುತ್ತಿದರೂ 34 ವೋಲ್ಟಿನ ಇ10 ಸಿಗುತ್ತೆ ಅಂತ ನೆಚ್ಚಬೇಡಿ, ಒಂದು ಸೆಟ್ ಹೆಚ್ಚಿಗೆ ಒಯ್ಯಿರಿ.

ಎತ್ತಿಡುವಾಗ ಒಂದು ಒಳ್ಳೇ ಬಲ್ಬನ್ನು ಕಾಗದದಲ್ಲಿ ಸುತ್ತಿ ಸ್ಟ್ಯಾಂಡಿನ ಅಡಿಗೆ ಟೇಪ್ ಹಾಕಿ ಅಂಟಿಸಿ, ಯಾವ ವೋಲ್ಟು ಅಂತ ಅಲ್ಲೇ ಬರೀರಿ. ಸುಟ್ಟ ಬಲ್ಬ್ ಗಾಜಿನ ಬಾಟಲಿಯ ಡಬ್ಬಕ್ಕಲ್ಲ, ವಿದ್ಯುತ್ ಸಾಮಾನಿನ ಕಸಕ್ಕೆ.